ಮೇಕೆದಾಟು: ನೀರು ಕೊರೆದ ಕಂಡಿ

ಹುಣಸೂರನ್ನು ಹಾದು ಬರುವ ಲಕ್ಷ್ಮಣತೀರ್ಥ ಕೃಷ್ಣರಾಜಸಾಗರದಲ್ಲಿ ಕಾವೇರಿಯನ್ನು ಸೇರುತ್ತದೆ. ಆ ಕಾವೇರಿಯೋ, ಪಿರಿಯಾಪಟ್ಟಣದ ಅಂಚನ್ನು ಸವರಿ, ಕೃಷ್ಣರಾಜನಗರದ ಬಳಿಯ ಚುಂಚನಕಟ್ಟೆಯಲ್ಲಿ ಬಂಡೆಗಳ ನಡುವೆ ಧುಮುಕಿ ಬಂದಿರುತ್ತಾಳೆ. ಹೆಗ್ಗಡದೇವನಕೋಟೆಯ ಕಬಿನಿ ತಿರುಮಕೂಡಲು ನರಸೀಪುರದಲ್ಲಿ ಕೂಡಿಕೊಳ್ಳುತ್ತದೆ. ಹೀಗೆ ನಮ್ಮ ನಾಲ್ಕೂ ತಾಲ್ಲೂಕುಗಳ ನೀರಿನಲ್ಲಿ ಗದ್ದೆ, ನಾಲೆಗಳು ಕುಡಿದು ಉಳಿದದ್ದೆಲ್ಲ ಕಡೆಗೆ ಕನಕಪುರ ತಾಲ್ಲೂಕಿನ ಒಂದು ಕಿರಿದಾದ ಕಂಡಿಯಲ್ಲಿ ನುಗ್ಗಿ ಹೋಗಬೇಕು. ಆ ಕಂಡಿಯೇ ಮೇಕೆದಾಟು.

ಅಣೆಕಟ್ಟೆ ಯೋಜನೆಯ ವಿವಾದದಿಂದಾಗಿ ಈ ಹೆಸರು ಇಂದು ಎಲ್ಲರಿಗೂ ಪರಿಚಿತ. ಆದರೆ ಜಾಗವನ್ನು ಕಣ್ಣಾರೆ ಕಂಡವರು ಅಷ್ಟಿಲ್ಲ. ಅರ್ಕಾವತಿಯು ಕಾವೇರಿಯನ್ನು ಸೇರುವ ಸಂಗಮದಲ್ಲಿ ಇಳಿದು, ಅರ್ಕಾವತಿಯನ್ನು ದಾಟಿ, ಕಾಡಿನ ಹಾದಿಯಲ್ಲಿ ನಾಲ್ಕೈದು ಕಿಲೋಮೀಟರು ಸಾಗಬೇಕು. ಅಲ್ಲಿಯವರೆಗೆ ವಿಶಾಲವಾಗಿ ಹರಡಿಕೊಂಡಿದ್ದ ನದಿ, ಬೇಸಿಗೆಯಲ್ಲಿ ಕೆಲವೇ ಮೀಟರು ಅಗಲದ ಕಲ್ಲಿನ ಸಂದಿಯೊಳಕ್ಕೆ ಇಳಿದುಬಿಡುತ್ತದೆ. ಹುಲಿ ಅಟ್ಟಿಸಿಕೊಂಡು ಬಂದಾಗ ಮೇಕೆಯೊಂದು ಇದನ್ನು ನೆಗೆದು ದಾಟಿತೆಂದು ಕಥೆ.

ಇದೇ ಜಾತಿಯ ಇನ್ನೊಂದು ಜಾಗದ ಚಿತ್ರವನ್ನು ನೀವು ಕ್ಯಾಲೆಂಡರಿನಲ್ಲೋ ಕಂಪ್ಯೂಟರ್ ಪರದೆಯ ಮೇಲೋ ನೋಡಿರಬಹುದು. ಕೇಸರಿ ಬಣ್ಣದ ಬಳುಕುವ ಗೋಡೆಗಳು, ನಡುವೆ ಮೇಲಿನಿಂದ ಇಳಿಬಿದ್ದ ಒಂದು ಬಿಸಿಲುಕೋಲು. ಅದು ಅಮೆರಿಕದ ಅರಿಜೋನಾ ರಾಜ್ಯದಲ್ಲಿ, ಪೇಜ್ ಎಂಬ ಪಟ್ಟಣದ ಹತ್ತಿರ, ನವಾಹೊ ಮೂಲನಿವಾಸಿಗಳ ನೆಲದಲ್ಲಿರುವ ಆಂಟಿಲೋಪ್ ಕ್ಯಾನಿಯನ್. ಆಂಟಿಲೋಪ್ ಎಂದರೆ ಹುಲ್ಲೆ. ಅಲ್ಲಿ ಹುಲ್ಲೆ, ಇಲ್ಲಿ ಮೇಕೆ! ನವಾಹೊ ಭಾಷೆಯಲ್ಲಿ ಅದರ ಮೇಲ್ಭಾಗದ ಹೆಸರಿಗೆ ‘ಬಂಡೆಗಳ ನಡುವೆ ನೀರು ಹರಿಯುವ ಜಾಗ’ ಎಂಬ ಅರ್ಥವಿದೆ. ನನಗಂತೂ ಹುಲ್ಲೆಗಿಂತ ಈ ಹೆಸರೇ ಹೆಚ್ಚು ಒಪ್ಪುತ್ತದೆ.

ಅಲ್ಲಿಯದು ಮರಳುಗಲ್ಲು. ಸುಮಾರು 19 ಕೋಟಿ ವರ್ಷಗಳ ಹಿಂದೆ ಗಾಳಿ ರಾಶಿ ಹಾಕಿದ ಮರಳುದಿಣ್ಣೆಗಳೇ ಗಟ್ಟಿಯಾಗಿ ಆದ ಕಲ್ಲು. ಬಂಡೆಯಲ್ಲಿದ್ದ ಬಿರುಕುಗಳಲ್ಲಿ ಮಳೆನೀರು ಮರಳನ್ನು ಹೊತ್ತು ನುಗ್ಗಿ ಉಜ್ಜಿದ್ದರಿಂದ ಓಣಿಯಂಥ ಕಮರಿ ಉಂಟಾಯಿತು. ಕಲ್ಲಿಗೆ ಕೆಂಪು ಬಂದದ್ದು ಕಬ್ಬಿಣದ ಆಕ್ಸೈಡಿನಿಂದ. ಬಿಸಿಲು ಒಂದು ಗೋಡೆಗೆ ಬಡಿದು ಇನ್ನೊಂದಕ್ಕೆ ಪ್ರತಿಫಲಿಸುವಾಗ ಪ್ರತಿ ಸಲವೂ ನೀಲಿ, ಹಸಿರು ಬಣ್ಣಗಳಷ್ಟನ್ನು ಕಲ್ಲು ಹೀರಿಕೊಳ್ಳುತ್ತದೆ. ತಳಕ್ಕೆ ಬರುವಷ್ಟರಲ್ಲಿ ಉಳಿಯುವುದು ಕೆಂಪು, ಕಿತ್ತಳೆ ಮಾತ್ರ.

ಮೇಕೆದಾಟಿನ ಕಲ್ಲು ಅದಕ್ಕಿಂತ ಬಹಳ ಹಳೆಯದು, ಬಹಳ ಗಟ್ಟಿ. ಸುಮಾರು 250 ಕೋಟಿ ವರ್ಷಗಳ ಹಿಂದಿನದು. ಇಂಥದನ್ನು ಬರಿಯ ನೀರು ಸವೆಸುವುದು ಕಷ್ಟ. ಕೆಲಸ ಮಾಡುವುದು ನೀರು ತರುವ ಕಲ್ಲು. ನಿಮ್ಮ ಅಜ್ಜಿಯ ಮನೆಯ ಒರಳುಕಲ್ಲನ್ನು ನೆನಪಿಸಿಕೊಳ್ಳಿ. ಬಂಡೆಯ ಚಿಕ್ಕ ತಗ್ಗಿನಲ್ಲಿ ಸುಳಿ ಏಳುತ್ತದೆ. ಅದರೊಳಗೆ ಸಿಕ್ಕಿಬಿದ್ದ ಬೆಣಚುಕಲ್ಲು ಗುಂಡುಕಲ್ಲಿನಂತೆ ಗರಗರ ತಿರುಗುತ್ತದೆ. ತಗ್ಗು ಆಳವಾಗಿ ಒರಳಿನಂತಾಗುತ್ತದೆ. ಎರಡು ಒರಳುಗಳ ನಡುವಿನ ಗೋಡೆ ಸವೆದು ಬಿದ್ದಾಗ ಅವು ಒಂದಾಗುತ್ತವೆ. ಕಂಡಿ ಬೆಳೆಯುವುದರಲ್ಲಿ ಇದಕ್ಕೆ ದೊಡ್ಡ ಪಾಲಿದೆ. ಜಾಗ ಕಿರಿದಾದಂತೆ ನೀರಿನ ವೇಗವೂ ಹೆಚ್ಚುತ್ತದೆ; ಕೊಳವೆಯ ಬಾಯಿಗೆ ಹೆಬ್ಬೆರಳು ಒತ್ತಿದ ಮಕ್ಕಳಿಗೆಲ್ಲ ಇದು ಗೊತ್ತು. ವೇಗ ಎರಡರಷ್ಟಾದರೆ ನೀರಿನ ಹೊಡೆತ ನಾಲ್ಕರಷ್ಟಾಗುತ್ತದೆ.

ಇನ್ನು ಪೋಷಕರು ಓದಲೇಬೇಕಾದ ಮಾತು. 1997ರ ಆಗಸ್ಟ್ 12ರಂದು ಆಂಟಿಲೋಪ್ ಕ್ಯಾನಿಯನ್ನಿನ ಕೆಳಭಾಗದಲ್ಲಿ ಹನ್ನೊಂದು ಮಂದಿ ಪ್ರವಾಸಿಗರು ಪ್ರವಾಹದಲ್ಲಿ ಸತ್ತರು. ಅವರು ನಿಂತ ಕಡೆ ಹೇಳಿಕೊಳ್ಳುವಂಥ ಮಳೆಯಿರಲಿಲ್ಲ. ಮಳೆ ಸುರಿದದ್ದು ಕೆಲವು ಮೈಲಿ ಮೇಲೆ. ಮರುಭೂಮಿಯ ಬೋಳು ನೆಲ ನೀರನ್ನು ಹೀರಿಕೊಳ್ಳದೆ ಓಣಿಗೆ ದೂಡಿತು. ಆಮೇಲೆ ಅಲ್ಲಿ ಮರದ ಏಣಿಗಳ ಜಾಗಕ್ಕೆ ಉಕ್ಕಿನ ಮೆಟ್ಟಿಲುಗಳು ಬಂದವು. ಈಗ ನವಾಹೊ ಮಾರ್ಗದರ್ಶಿಯಿಲ್ಲದೆ ಒಳಗೆ ಬಿಡುವುದಿಲ್ಲ.

ಮೇಕೆದಾಟಿನಲ್ಲಿಯೂ ಲೆಕ್ಕ ಇದೇ. ಕೇರಳದ ವಯನಾಡಿನಲ್ಲಿ, ನಮ್ಮ ಕೊಡಗಿನಲ್ಲಿ ಮಳೆ. ಕನಕಪುರದಲ್ಲಿ ಚುರುಕು ಬಿಸಿಲು. ಜಲಾಶಯಗಳಿಂದ ಬಿಟ್ಟ ನೀರು ಇಲ್ಲಿಗೆ ತಲುಪಲು ಹಲವು ಗಂಟೆ ಬೇಕು. ಅಷ್ಟರಲ್ಲಿ ಶಾಲೆಯ ಮಕ್ಕಳು ಬಂಡೆಯ ಮೇಲೆ ಕುಳಿತು ಬುತ್ತಿ ಬಿಚ್ಚಿರುತ್ತಾರೆ. ಪತ್ರಿಕೆಯಲ್ಲಿ ‘ಹೊರಹರಿವು 50 ಸಾವಿರ ಕ್ಯೂಸೆಕ್’ ಎಂದು ಓದಿ ಪುಟ ತಿರುವಿಬಿಡುತ್ತೇವೆ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಸುಮಾರು 28.3 ಲೀಟರು. ಗುಣಿಸಿ ನೋಡಿ: ಸೆಕೆಂಡಿಗೆ 14 ಲಕ್ಷ ಲೀಟರು! ಹತ್ತು ಸಾವಿರ ಲೀಟರಿನ 140 ಟ್ಯಾಂಕರುಗಳನ್ನು ಒಂದೊಂದು ಸೆಕೆಂಡಿಗೂ ಮಗುಚಿದ ಹಾಗೆ. ಅಂಥ ದಿನ ಕಂಡಿ ತುಂಬಿ ಉಕ್ಕಿ, ಕೂತಿದ್ದ ಬಂಡೆಗಳೂ ಮುಳುಗುತ್ತವೆ.

ನೀರು ಕಡಿಮೆಯಿದ್ದಾಗಲೂ ಅಂಚಿಗೆ ಹೋಗಬಾರದು. ಮರಳು ತಿಕ್ಕಿ ನುಣುಪಾದ ಬಂಡೆ, ಮೇಲೆ ಪಾಚಿ. ಬಿದ್ದವರಿಗೆ ಹಿಡಿದುಕೊಳ್ಳಲು ಏನೂ ಸಿಗದು. ನೀರಿನಡಿಯ ಗುಂಡಿ, ಪೊಟರೆಗಳ ಸುಳಿಗೆ ಸಿಕ್ಕರೆ ಈಜಿನ ಬಲ ಸಾಲದು. ಈಜು ಬಲ್ಲ ಹುಡುಗರ ಮೇಲೆಯೇ ಒಂದು ಕಣ್ಣು ಹೆಚ್ಚಾಗಿ ಇಡಬೇಕು; ಧೈರ್ಯವಾಗಿ ಇಳಿಯುವವರು ಅವರೇ ತಾನೆ?

ಶಾಲೆಯವರು ಪ್ರವಾಸದ ಚೀಟಿ ಕಳಿಸಿದಾಗ ಹಣ ಎಷ್ಟೆಂದು ಕೇಳುವುದರ ಜೊತೆಗೆ, ಕೃಷ್ಣರಾಜಸಾಗರ ಮತ್ತು ಕಬಿನಿಯ ಹೊರಹರಿವು ಎಷ್ಟಿದೆ, ಮೇಲೆ ಮಳೆಯಿದೆಯೇ ಎಂದೂ ಕೇಳಿ. ಮಳೆಗಾಲ ಮುಗಿದು ನೀರು ತಗ್ಗಿದ ಜನವರಿ, ಫೆಬ್ರವರಿ ತಿಂಗಳುಗಳು ಒಳ್ಳೆಯವು. ಆಗ ಅಂಚಿನಿಂದ ದೂರದ ಬಂಡೆಗಳಲ್ಲಿ ಒಣಗಿದ ಒರಳುಗುಂಡಿಗಳನ್ನು ಹುಡುಕಿ. ಕೋಲಿನಿಂದ ಒಮ್ಮೆ ತಡಕಿ, ಹಾವು ಗೀವು ಇಲ್ಲವೆಂದು ಖಚಿತವಾದ ಮೇಲೆ ಕೈಹಾಕಿ. ತಳದಲ್ಲಿ ನುಣ್ಣನೆಯ ಉರುಟು ಕಲ್ಲುಗಳು ಸಿಕ್ಕರೆ, ಆ ಗುಂಡಿ ಕೊರೆದ ಗುಂಡುಕಲ್ಲುಗಳು ಅವೇ. ನೋಡಿ ಅಲ್ಲಿಯೇ ಬಿಟ್ಟುಬನ್ನಿ, ಮುಂದಿನ ಮಳೆಗಾಲಕ್ಕೆ ಅವಕ್ಕೆ ಕೆಲಸವಿದೆ.