ಪುಟ್ಟಣ್ಣ ಚೆಟ್ಟಿ ಪುರಭವನ: ಬಿಡದಿಯಿಂದೊಂದು ನಗರಯಾತ್ರೆ

ಪ್ರವಾಸವೆಂದೊಡನೆ ನಮ್ಮ ಸದ್ಭಕ್ತ ಮನೆತನಗಳ ಮನಸ್ಸು ಶ್ರೀಶೈಲ, ಉಳವಿ, ಕೂಡಲಸಂಗಮ, ಎಡೆಯೂರು, ಸಿದ್ಧಗಂಗೆಗಳ ಕಡೆಗೆ ಹರಿಯುವುದು ಸಹಜ. ಅದು ತಪ್ಪಲ್ಲ, ಸಂಸ್ಕಾರವೇ ಹೌದು. ಆದರೆ ಬೆಂಗಳೂರನ್ನು ಮಾತ್ರ ನಾವು ಯಾರೂ ಪ್ರವಾಸದ ಸ್ಥಳವೆಂದು ಎಣಿಸುವುದಿಲ್ಲ. ಬಿಡದಿ, ರಾಮನಗರ, ಮಾಗಡಿ, ಕನಕಪುರದ ಕಡೆಯವರಿಗೆ ಬೆಂಗಳೂರೆಂದರೆ ಆಸ್ಪತ್ರೆ, ಕಚೇರಿ, ಮದುವೆಯ ಜವಳಿ; ಬೆಳಿಗ್ಗೆ ಹೋಗಿ ಸಂಜೆಯ ರೈಲಿಗೆ ಹಿಂದಿರುಗುವ ಊರು. ವಿನೋದವೆಂದರೆ ಬೆಂಗಳೂರಿನವರೇ ಈಗ ಬಿಡದಿಗೆ ಪ್ರವಾಸ ಬರುತ್ತಾರೆ. 2005ರಲ್ಲಿ ತೆರೆದ ವಂಡರ್‌ಲಾದಲ್ಲಿ ನೀರಾಟವಾಡಿ, ತಟ್ಟೆ ಇಡ್ಲಿ ತಿಂದು, ಸಂತೋಷವಾಗಿ ಹೋಗುತ್ತಾರೆ. ಅವರು ನಮ್ಮ ಊರನ್ನು ನೋಡುವಷ್ಟು ಅಕ್ಕರೆಯಿಂದ ನಾವು ಅವರ ಊರನ್ನು ನೋಡಿಲ್ಲ.

ಈ ಕೊರತೆಯನ್ನು ತುಂಬಿಕೊಳ್ಳಲು ಎಲ್ಲಿಂದ ಆರಂಭಿಸಬೇಕೆಂದು ಯಾರಾದರೂ ಕೇಳಿದರೆ ನಾವು ಲಾಲ್‌ಬಾಗನ್ನಾಗಲೀ ಅರಮನೆಯನ್ನಾಗಲೀ ಹೇಳುವುದಿಲ್ಲ, ಪುರಭವನವನ್ನು ಹೇಳುತ್ತೇವೆ. ಮೈಸೂರು ರಸ್ತೆಯಿಂದ ಮಾರುಕಟ್ಟೆಯ ಕಡೆಗೆ ಬಂದು ಜೆ.ಸಿ. ರಸ್ತೆಗೆ ತಿರುಗುವವರೆಲ್ಲ ಅದನ್ನು ನೂರು ಸಲ ಕಂಡಿದ್ದಾರೆ. ಎತ್ತರವಾದ ಮೆಟ್ಟಿಲುಗಳ ಮೇಲೆ ದುಂಡು ಕಂಬಗಳ ಸಾಲಿನೊಡನೆ ನಿಂತಿರುವ ಆ ಬಿಳಿಯ ಕಟ್ಟಡ ಎಲ್ಲರ ಬಾಯಲ್ಲಿ ‘ಟೌನ್ ಹಾಲ್’. ಅದರ ಪೂರ್ಣ ನಾಮಧೇಯ ಸರ್ ಕೆ.ಪಿ. ಪುಟ್ಟಣ್ಣ ಚೆಟ್ಟಿ ಪುರಭವನ. ಬಸ್ಸಿನ ನಿರ್ವಾಹಕ ಹೆಸರನ್ನು ಮೊಟಕುಗೊಳಿಸಿದರೆ ಆಕ್ಷೇಪವಿಲ್ಲ, ಅವನಿಗೆ ಹೊತ್ತಿಲ್ಲ. ಆದರೆ ವೀರಶೈವ ಮನೆತನಗಳಲ್ಲಿಯೂ ಪುಟ್ಟಣ್ಣ ಚೆಟ್ಟಿಯವರು ಯಾರೆಂದು ಬಲ್ಲವರು ವಿರಳವಾಗಿರುವುದು ನಮಗೆ ವ್ಯಸನದ ಸಂಗತಿ.

ಕಳೆದ ಕಾರ್ತಿಕ ಮಾಸದ ಒಂದು ಭಾನುವಾರ ಬಿಡದಿಯ ನಾಲ್ಕೈದು ಭಕ್ತ ಕುಟುಂಬಗಳು ನಮ್ಮೊಡನೆ ಹೊರಟವು. ಮೆಟ್ಟಿಲ ಬಳಿ ಎಲ್ಲರೂ ನಿಂತಾಗ ತಾಯಿಯೊಬ್ಬರು, “ಏನ್ ಬುದ್ಧಿ, ಇದು ಟೌನ್ ಹಾಲ್ ಅಲ್ವಾ? ದಿನಾ ನೋಡೋದೇ. ಇದರಲ್ಲೇನು ನೋಡೋದಿದೆ?” ಎಂದರು. ಅವರ ಯಜಮಾನರು ಫಲಕವನ್ನೋದಿ, “ಚೆಟ್ಟಿ ಅಂತಿದೆ, ತಮಿಳುನಾಡಿನ ಕಡೆಯವರಿರಬೇಕು” ಎಂದು ತೀರ್ಮಾನ ಕೊಟ್ಟರು. ಸೆಟ್ಟಿ, ಚೆಟ್ಟಿ ಎಂಬುವು ವ್ಯಾಪಾರದ ಮನೆತನಗಳ ಗೌರವನಾಮಗಳು. ನಮ್ಮ ಸಮಾಜಕ್ಕೇನೂ ಹೊಸವಲ್ಲ. ಪುಟ್ಟಣ್ಣ ಚೆಟ್ಟಿಯವರು ಹಳೆಯ ಮೈಸೂರಿನ ವೀರಶೈವ ಸಮಾಜದ ಗಣ್ಯರು. 1856ರಲ್ಲಿ ಜನಿಸಿ 1938ರಲ್ಲಿ ಲಿಂಗೈಕ್ಯರಾದವರು. ಸಂಸ್ಥಾನದ ಅಧಿಕಾರಿಯಾಗಿ ದುಡಿದು, ಬೆಂಗಳೂರು ನಗರ ಪುರಸಭೆಯ ಅಧ್ಯಕ್ಷರಾದರು. ಚಾಮರಾಜಪೇಟೆಯ ಒಂದು ರಸ್ತೆಗೂ ಅವರದೇ ಹೆಸರಿದೆ. ಪ್ಲೇಗಿನ ಪೆಟ್ಟಿನಿಂದ ಪೇಟೆ ಆಗಷ್ಟೇ ಚೇತರಿಸಿಕೊಳ್ಳುತ್ತಿದ್ದ ಕಾಲವದು. ಬಸವನಗುಡಿ, ಮಲ್ಲೇಶ್ವರಗಳಂಥ ಹೊಸ ಬಡಾವಣೆಗಳು ಎದ್ದಿದ್ದವು. 1905ರಲ್ಲಿ ಬೀದಿಗೆ ವಿದ್ಯುದ್ದೀಪ ಬಂದಿತ್ತು. ಅಂಥ ಕಾಲದಲ್ಲಿ ಪುರಸಭೆಯ ಅಧ್ಯಕ್ಷತೆ ಹಾರತುರಾಯಿಯ ಪದವಿಯಾಗಿರಲಿಲ್ಲ. ಚರಂಡಿ, ನೀರು, ಕಸಗಳ ಕಾಯಕವಾಗಿತ್ತು.

ಅವರ ಹೆಸರಿನೊಡನೆ ಮತ್ತೊಂದು ಪುಣ್ಯಜೀವವನ್ನು ನೆನೆಯಬೇಕು: ರಾವ್ ಬಹದ್ದೂರ್ ಧರ್ಮಪ್ರವರ್ತ ಗುಬ್ಬಿ ತೋಟದಪ್ಪನವರು. ಬೆಂಗಳೂರು ನಗರ ರೈಲು ನಿಲ್ದಾಣದ ಸಮೀಪ 1903ರಲ್ಲಿ ಅವರು ಸ್ಥಾಪಿಸಿದ ಛತ್ರವನ್ನು ನಮ್ಮ ಕಡೆಯ ಹಿರಿಯರು ಬಲ್ಲರು. ದೂರದಿಂದ ಬಂದ ಪ್ರಯಾಣಿಕರಿಗೆ ತಂಗುದಾಣ, ಹಳ್ಳಿಯಿಂದ ಓದಲು ಬಂದ ವೀರಶೈವ ಬಡ ಮಕ್ಕಳಿಗೆ ವಿದ್ಯಾರ್ಥಿನಿಲಯ. 1910ರಲ್ಲಿ ಲಿಂಗೈಕ್ಯರಾಗುವ ಮುನ್ನ ತೋಟದಪ್ಪನವರು ತಮ್ಮ ಆಸ್ತಿಯನ್ನು ಧರ್ಮಸಂಸ್ಥೆಗೆ ಬಿಟ್ಟುಕೊಟ್ಟಾಗ ಅದರ ಆಡಳಿತದ ಹೊಣೆ ಹೊತ್ತ ಮೊದಲಿಗರಲ್ಲಿ ಪುಟ್ಟಣ್ಣ ಚೆಟ್ಟಿಯವರು ಒಬ್ಬರು. ಒಬ್ಬರು ಗಳಿಸಿ ದಾಸೋಹಕ್ಕೆ ಸಲ್ಲಿಸಿದರು. ಮತ್ತೊಬ್ಬರು ಆ ದಾಸೋಹ ಸೋರಿಹೋಗದಂತೆ ಕಾದರು. ಎರಡನೆಯದನ್ನು ನಾವು ಮೊದಲನೆಯದರಷ್ಟು ಹೊಗಳುವುದಿಲ್ಲ. ಧರ್ಮಸಂಸ್ಥೆಗಳ ಲೆಕ್ಕಪತ್ರಗಳ ಕಷ್ಟ ಬಲ್ಲ ನಮಗೆ ಎರಡನೆಯದೇ ಹೆಚ್ಚು ಕಠಿಣವೆಂದು ತೋರುತ್ತದೆ.

ಇನ್ನು ಕಟ್ಟಡದ ವಿಷಯ. 1933ರ ಮಾರ್ಚ್ 6ರಂದು ನಾಲ್ವಡಿ ಕೃಷ್ಣರಾಜ ಒಡೆಯರವರು ಇದಕ್ಕೆ ಅಡಿಗಲ್ಲಿಟ್ಟರು. 1935ರ ಸೆಪ್ಟೆಂಬರ್ 11ರಂದು ಯುವರಾಜ ಕಂಠೀರವ ನರಸಿಂಹರಾಜ ಒಡೆಯರವರು ಇದನ್ನು ತೆರೆದರು. ಆಗ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್. ಪುಟ್ಟಣ್ಣ ಚೆಟ್ಟಿಯವರು ಅಂದು ಎಪ್ಪತ್ತೊಂಬತ್ತರ ವೃದ್ಧರು. ಕಟ್ಟಡದ ಶೈಲಿ ಗ್ರೀಕ್ ಮತ್ತು ರೋಮನ್ನರ ಹಳೆಯ ಮಾದರಿಯದು. ಮುಂಭಾಗದ ಕಂಬಗಳಿಗೆ ಟಸ್ಕನ್ ಕಂಬಗಳೆಂದು ಹೆಸರು. ಯೂರೋಪಿನ ಕಂಬಗಳಲ್ಲಿ ಇವೇ ತೀರ ಸರಳವಾದುವು. ಮೈಮೇಲೆ ಗೀರುಗಳಿಲ್ಲ, ತಲೆಯ ಮೇಲೆ ಎಲೆ ಬಳ್ಳಿಗಳ ಕೆತ್ತನೆಯಿಲ್ಲ. ಕೆಳಗೊಂದು ಪೀಠ, ಮೇಲೊಂದು ಬಳೆಯಂಥ ಸುತ್ತು, ಅಷ್ಟೇ. ಅವುಗಳ ಮೇಲೆ ತ್ರಿಕೋಣದ ಮುಖಭಾಗ. ಒಳಗೆ ವಿಶಾಲವಾದ ಸಭಾಂಗಣವೂ ಮೇಲಂತಸ್ತಿನ ಬಾಲ್ಕನಿಯೂ ಇವೆ; ಎರಡೂ ಸೇರಿ ಸಾವಿರಕ್ಕೆ ಮಿಕ್ಕ ಜನ ಕುಳಿತುಕೊಳ್ಳಬಹುದು. ನಮ್ಮ ಕೆಂಗಲ್ ಹನುಮಂತಯ್ಯನವರು 1956ರಲ್ಲಿ ಮುಗಿಸಿದ ವಿಧಾನಸೌಧವನ್ನು ಇದರ ಪಕ್ಕದಲ್ಲಿಟ್ಟು ಯೋಚಿಸಿದರೆ ವ್ಯತ್ಯಾಸ ತಿಳಿಯುತ್ತದೆ. ಅದು ದ್ರಾವಿಡ ಗೋಪುರದ ಗಾಂಭೀರ್ಯದಿಂದ ನೋಡುವವನನ್ನು ಬಗ್ಗಿಸುತ್ತದೆ. ಇದು ಮೆಟ್ಟಿಲು ಚಾಚಿ ಕರೆಯುತ್ತದೆ. ರಾಜರ ಕಾಲದಲ್ಲಿ ಕಟ್ಟಿದ್ದು ಜನರನ್ನು ಕರೆಯುವುದೂ ಜನರ ಕಾಲದಲ್ಲಿ ಕಟ್ಟಿದ್ದು ಅರಮನೆಯಂತೆ ಕಾಣುವುದೂ ನಮಗೆ ಸೋಜಿಗ.

ಮೈಸೂರಿನ ಪುರಭವನವೂ ಇದೇ ಕುಲದ್ದು. ಅದು 1881ರಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಆರಂಭಿಸಿದ ದಿವಾನ್ ರಂಗಾಚಾರ್ಲು ಅವರ ಸ್ಮಾರಕ. ಜನ ಸೇರಿ ಮಾತನಾಡಲೆಂದೇ ಒಂದು ಸೂರು ಬೇಕೆಂಬ ಆಲೋಚನೆ ಎರಡರಲ್ಲಿಯೂ ಒಂದೇ.

ಈ ಆಲೋಚನೆ ವಿಲಾಯಿತಿಯಿಂದ ಬಂದದ್ದೆಂದು ಓದಿದವರು ಹೇಳುತ್ತಾರೆ. ಕಂಬಗಳು ಅಲ್ಲಿಂದ ಬಂದುವು ನಿಜ. ಆದರೆ ಹನ್ನೆರಡನೆಯ ಶತಮಾನದ ಕಲ್ಯಾಣವನ್ನು ಬಲ್ಲ ನಮಗೆ ಜನ ಕುಳಿತು ಮಾತನಾಡುವ ಮನೆ ಪರಕೀಯವೆನಿಸಬೇಕಾಗಿಲ್ಲ. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಹಡಪದ ಅಪ್ಪಣ್ಣ, ಅಕ್ಕಮಹಾದೇವಿ ಇವರೆಲ್ಲ ಅಲ್ಲಮಪ್ರಭುವಿನ ಸಮ್ಮುಖದಲ್ಲಿ ಕುಳಿತು ಪ್ರಶ್ನೆ ಕೇಳಿದವರು, ಉತ್ತರ ಹೇಳಿದವರು. ನಮ್ಮ ಶೂನ್ಯಸಂಪಾದನೆಯ ರಚನೆಯೇ ಸಂವಾದ ರೂಪದ್ದು. ಮಾತಿಗೆ ಮರುಮಾತು, ಆ ಮರುಮಾತಿಗೊಂದು ಸಂದೇಹ. ಪುರಭವನವನ್ನು ಅನುಭವ ಮಂಟಪವೆನ್ನುವ ಸಾಹಸಕ್ಕೆ ನಾವು ಹೋಗುವುದಿಲ್ಲ. ಅಲ್ಲಿ ನಡೆದದ್ದು ಶಿವಾನುಭವ, ಇಲ್ಲಿ ನಡೆಯುವುದು ಲೋಕವ್ಯವಹಾರ. ಆದರೂ ಜಾತಿ ಕೇಳದೆ ಬಾಗಿಲು ತೆರೆಯುವ ಸಭಾಮನೆಯೊಂದಕ್ಕೆ ನಮ್ಮವರೊಬ್ಬರ ಹೆಸರು ಬಂದಿರುವುದನ್ನು ಕೇವಲ ಕಾಕತಾಳೀಯವೆಂದು ತಳ್ಳಿಹಾಕಲು ಮನಸ್ಸು ಒಪ್ಪುವುದಿಲ್ಲ. ಬಸವಕಲ್ಯಾಣದಲ್ಲಿ 2021ರ ಜನವರಿಯಲ್ಲಿ ನೂತನ ಅನುಭವ ಮಂಟಪಕ್ಕೆ ಅಡಿಗಲ್ಲು ಬಿದ್ದಿತು. ಅಲ್ಲಿಗೆ ನಮ್ಮವರು ಬಸ್ಸು ಮಾಡಿಕೊಂಡು ಹೋಗುತ್ತಾರೆ, ಹೋಗಬೇಕು. ಮೂವತ್ತು ಕಿಲೋಮೀಟರ್ ಆಚೆಗಿರುವ ಪುರಭವನಕ್ಕೆ ಬಸ್ಸೂ ಬೇಕಿಲ್ಲ, ರೈಲಿನ ಚೀಟಿ ಸಾಕು.

ಇಲ್ಲೊಂದು ಎಚ್ಚರಿಕೆಯ ಮಾತು. ನಮ್ಮ ತಂಡದ ತರುಣನೊಬ್ಬ ಎಲ್ಲವನ್ನೂ ಕೇಳಿದ ಮೇಲೆ, “ಹಾಗಾದ್ರೆ ಇದು ನಮ್ಮೋರ್ದೇ ಅನ್ನಿ” ಎಂದು ಎದೆಯುಬ್ಬಿಸಿದ. ಅವನ ಉತ್ಸಾಹ ನಮಗೆ ಅರ್ಥವಾಯಿತು. ಆದರೆ ಮಾತು ಸರಿಯಿಲ್ಲ. ಪುಟ್ಟಣ್ಣ ಚೆಟ್ಟಿಯವರು ನಮ್ಮವರು, ಭವನ ನಮ್ಮದಲ್ಲ. ಅದು ನಗರದ ಸಮಸ್ತರದು. ಸಮಾಜಕ್ಕಾಗಿ ವಿದ್ಯಾರ್ಥಿನಿಲಯವನ್ನು ನೋಡಿಕೊಂಡ ಕೈಗಳೇ ಸಕಲರಿಗಾಗಿ ನಗರದ ಆಡಳಿತವನ್ನೂ ನಡೆಸಿದುವು. ಇವೆರಡನ್ನೂ ಬೆರೆಸದೆ ಎರಡನ್ನೂ ಮಾಡಬಲ್ಲ ಹಿರಿಯರು ಆ ತಲೆಮಾರಿನಲ್ಲಿದ್ದರು. ಇಂದು ಮಹನೀಯರನ್ನು ಜಾತಿಯ ಕಪಾಟಿನಲ್ಲಿಟ್ಟು ಬೀಗ ಹಾಕುವ ಚಾಳಿ ಎಲ್ಲ ಸಮಾಜಗಳಲ್ಲಿಯೂ ಬೆಳೆದಿದೆ. ನಮ್ಮಲ್ಲಿಯೂ ಕಡಿಮೆಯೇನಿಲ್ಲ.

ಬಾಗಿಲಲ್ಲಿದ್ದ ಕಾವಲಿನವರು ವಿನಯದಿಂದಲೇ, “ಇವತ್ತು ಪ್ರೋಗ್ರಾಂ ಇಲ್ಲ ಯಜಮಾನ್ರೆ, ಇದ್ದ ದಿನ ಬನ್ನಿ” ಎಂದರು. ಮಕ್ಕಳಿಗೆ ನಿರಾಶೆಯಾಯಿತು. ಸ್ವೀಡನ್ನಿನ ಸ್ಟಾಕ್‌ಹೋಮ್ ನಗರದಲ್ಲಿ 1923ರಲ್ಲಿ ತೆರೆದ ಪುರಭವನವಿದೆ; ನೊಬೆಲ್ ಪಾರಿತೋಷಕದ ಭೋಜನಕೂಟ ನಡೆಯುವುದು ಅಲ್ಲಿಯೇ. ಚೀಟಿ ಕೊಂಡವರನ್ನು ಮಾರ್ಗದರ್ಶಿಗಳು ಒಳಗೆಲ್ಲ ಸುತ್ತಿಸಿ ವಿವರಿಸುತ್ತಾರೆ. ಅಷ್ಟು ದೂರವೇಕೆ, ಮುಂಬಯಿಯ ಮಹಾನಗರಪಾಲಿಕೆ 1893ರಲ್ಲಿ ಪೂರ್ಣಗೊಂಡ ತನ್ನ ಮುಖ್ಯ ಕಟ್ಟಡವನ್ನು ಸಾರ್ವಜನಿಕರಿಗೆ ತೋರಿಸುವ ಏರ್ಪಾಡನ್ನು 2021ರಲ್ಲಿ ಆರಂಭಿಸಿತು. ಬೆಂಗಳೂರಿನ ಪುರಭವನಕ್ಕೂ ವಾರಕ್ಕೊಂದು ದಿನ ಅಂಥ ವ್ಯವಸ್ಥೆ ಮಾಡಿದರೆ ಶಾಲೆಯ ಮಕ್ಕಳಿಗಾದರೂ ಉಪಕಾರವಾದೀತು. ಆದರೆ ಕಾವಲಿನವರ ಮಾತಿನಲ್ಲಿಯೂ ಒಂದು ತಥ್ಯವಿದೆ. ದೇವಾಲಯವನ್ನು ಪೂಜೆಯ ಹೊತ್ತಿನಲ್ಲಿ ನೋಡಬೇಕು, ಸಭಾಭವನವನ್ನು ಸಭೆಯ ಹೊತ್ತಿನಲ್ಲಿ. ಖಾಲಿ ಕುರ್ಚಿಗಳನ್ನು ನೋಡಿ ಬಂದವನು ಮರವನ್ನು ನೋಡಿದನೇ ಹೊರತು ಸಭೆಯನ್ನು ನೋಡಲಿಲ್ಲ.

ಸಭೆಯೆಂದೆವು, ಈ ಭವನದ ಇತಿಹಾಸದಲ್ಲಿ ಒಳಗಿನ ಸಭೆಗಳಷ್ಟೇ ಹೊರಗಿನ ಮೆಟ್ಟಿಲುಗಳಿಗೂ ಸ್ಥಾನವಿದೆ. ದಶಕಗಳ ಕಾಲ ರೈತರು, ಕಾರ್ಮಿಕರು, ವಿದ್ಯಾರ್ಥಿಗಳು, ಕನ್ನಡಪರರು, ಸಾಹಿತಿಗಳು ಈ ಮೆಟ್ಟಿಲುಗಳ ಮೇಲೆ ನಿಂತು ತಮ್ಮ ಅಹವಾಲನ್ನು ಊರಿಗೆ ಹೇಳಿದರು. ಒಳಗಿನ ವೇದಿಕೆಗೆ ಬಾಡಿಗೆಯುಂಟು, ಮೆಟ್ಟಿಲಿಗೆ ಇರಲಿಲ್ಲ. 2020ರ ಆರಂಭದಲ್ಲಿ ಅಂದಿನ ಮಹಾನಗರ ಪಾಲಿಕೆಯ ಸಭೆ ಪುರಭವನದ ಮುಂದೆ ಪ್ರತಿಭಟನೆ ಕೂಡದೆಂದು ನಿರ್ಣಯಿಸಿತು. ಅನಂತರ 2021ರಲ್ಲಿ ಹೊರಟ ಪೊಲೀಸ್ ಆದೇಶ ನಗರದ ಪ್ರತಿಭಟನೆಗಳನ್ನೆಲ್ಲ ಫ್ರೀಡಂ ಪಾರ್ಕಿಗೆ ಸೀಮಿತಗೊಳಿಸಿತು. ಆ ಉದ್ಯಾನ ಹಿಂದೆ ಕೇಂದ್ರ ಕಾರಾಗೃಹವಾಗಿದ್ದ ಸ್ಥಳ. ಸಂಚಾರಕ್ಕೆ ಅಡ್ಡಿಯಾಗುತ್ತಿತ್ತೆಂಬುದು ಸುಳ್ಳಲ್ಲ. ಆ ವೃತ್ತದಲ್ಲಿ ರೋಗಿಯ ವಾಹನ ಸಿಕ್ಕಿಬಿದ್ದ ಕಷ್ಟ ಕಂಡವರಿಗೆ ಗೊತ್ತು. ಆದರೂ ದಾರಿಹೋಕನ ಕಿವಿಗೆ ಬೀಳುವ ಕಡೆ ನಿಂತು ಹೇಳುವುದಕ್ಕೂ, ಗೋಡೆಯೊಳಗೆ ನಿಂತು ಪರಸ್ಪರ ಹೇಳಿಕೊಳ್ಳುವುದಕ್ಕೂ ಅಂತರವಿದೆ. ಅನುಮತಿ ಪಡೆದು, ಸಂಖ್ಯೆ ಮಿತಿಗೊಳಿಸಿ, ಭಾನುವಾರದಂದಾದರೂ ಆ ಮೆಟ್ಟಿಲುಗಳನ್ನು ಜನರಿಗೆ ಬಿಟ್ಟುಕೊಡಬಹುದಿತ್ತೆಂಬುದು ನಮ್ಮ ಅಭಿಮತ. ಈ ವಿಷಯದಲ್ಲಿ ನಮ್ಮ ಓದುಗರೆಲ್ಲರೂ ಒಪ್ಪಬೇಕೆಂದಿಲ್ಲ.

ಆಡಳಿತದ ಹೆಸರುಗಳಂತೂ ಬದಲಾಗುತ್ತಲೇ ಬಂದಿವೆ. 1862ರಲ್ಲಿ ಆರಂಭವಾದ ಪುರಸಭೆ 1949ರಲ್ಲಿ ದಂಡಿನ ಪುರಸಭೆಯೊಡನೆ ಕೂಡಿ ಕಾರ್ಪೊರೇಷನ್ ಆಯಿತು; 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ; 2025ರಲ್ಲಿ ಅದೂ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಮತ್ತು ಐದು ನಗರ ಪಾಲಿಕೆಗಳು. ಅದೇ ವರ್ಷ ನಮ್ಮ ರಾಮನಗರ ಜಿಲ್ಲೆಗೂ ಬೆಂಗಳೂರು ದಕ್ಷಿಣವೆಂಬ ಹೆಸರು ಬಂದಿತು. ಬಿಡದಿಯ ಸುತ್ತ ಉಪನಗರದ ಯೋಜನೆ ಸಿದ್ಧವಾಗಿದೆ. ಜಮೀನು ಕಳೆದುಕೊಳ್ಳುವ ಭೀತಿಯಿಂದ ಬೈರಮಂಗಲದ ಕಡೆಯ ರೈತಕುಟುಂಬಗಳು ಅದನ್ನು ಪ್ರತಿಭಟಿಸಿವೆ. ಅವರಲ್ಲಿ ನಮ್ಮ ಪತ್ರಿಕೆಯ ಓದುಗರೂ ಇದ್ದಾರು. ಆ ವಿವಾದದ ತೀರ್ಪು ಹೇಳುವುದು ಈ ಲೇಖನದ ಕೆಲಸವಲ್ಲ. ಆದರೆ ನಕ್ಷೆಯನ್ನು ಎದುರಿಗಿಟ್ಟಾಗ ರಸ್ತೆ, ಕಾರ್ಖಾನೆ, ವಸತಿ, ಅಂಗಡಿಗಳ ಬಣ್ಣಗಳ ನಡುವೆ ಜನ ಕುಳಿತು ಒಪ್ಪುವ, ಒಪ್ಪದಿರುವ ಮಾತನ್ನಾಡಲು ಜಾಗವೆಲ್ಲಿದೆಯೆಂದು ಕೇಳುವ ಅಧಿಕಾರ ಬಿಡದಿಯ ಪ್ರತಿಯೊಬ್ಬ ಗೃಹಸ್ಥನಿಗೂ ಗೃಹಿಣಿಗೂ ಉಂಟು. ಕಲ್ಯಾಣಮಂಟಪಗಳನ್ನು ಕಟ್ಟಲು ನಮ್ಮಲ್ಲಿ ದಾನಿಗಳಿಗೆ ಬರವಿಲ್ಲ. ಮದುವೆಯಿಲ್ಲದ ದಿನ ಅದೇ ಮಂಟಪದಲ್ಲಿ ಊರಿನ ನೀರಿನ ಬಗ್ಗೆ, ವೃಷಭಾವತಿಯ ಕೊಳಚೆಯ ಬಗ್ಗೆ ಸಭೆ ಸೇರಲು ಬಾಡಿಗೆಯಿಲ್ಲದೆ ಬಾಗಿಲು ತೆರೆದರೆ ಅದೂ ದಾಸೋಹವೇ.

ಹೋಗಬಯಸುವ ಕುಟುಂಬಗಳಿಗೆ ದಾರಿ ಸುಲಭ. ಬಿಡದಿಯಿಂದ ರೈಲಿನಲ್ಲಿ ಸಂಗೊಳ್ಳಿ ರಾಯಣ್ಣ ನಿಲ್ದಾಣಕ್ಕೆ ಹೋಗಿ, ಮೆಜೆಸ್ಟಿಕ್ಕಿನಲ್ಲಿ ಹಸಿರು ಮಾರ್ಗದ ಮೆಟ್ರೋ ಹಿಡಿದರೆ ಎರಡನೆಯದು ಕೆ.ಆರ್. ಮಾರುಕಟ್ಟೆಯ ನಿಲ್ದಾಣ. ಅಲ್ಲಿಂದ ನಡೆದೇ ಹೋಗಬಹುದು. ವೃದ್ಧರಿಗೆ ಆಟೋ ಲೇಸು. ಬಸ್ಸನ್ನು ಇಷ್ಟಪಡುವವರು ಮೈಸೂರು ರಸ್ತೆಯಿಂದ ಮಾರುಕಟ್ಟೆಗೇ ಇಳಿಯಬಹುದು. ಪುರಭವನದಲ್ಲಿ ಯಾವ ದಿನ ಯಾವ ಕಾರ್ಯಕ್ರಮವೆಂಬುದನ್ನು ದಿನಪತ್ರಿಕೆಯ ‘ನಗರದಲ್ಲಿ ಇಂದು’ ಬಗೆಯ ಅಂಕಣದಲ್ಲಿ ನೋಡಿಕೊಂಡು ಹೊರಡುವುದು ಉತ್ತಮ. ಪ್ರವೇಶ ಮುಕ್ತವೆಂದಿದ್ದರೆ ಸಂಕೋಚ ಬೇಡ, ಹಿಂದಿನ ಸಾಲಿನಲ್ಲಿ ಕುಳಿತು ಒಂದು ಭಾಷಣವನ್ನಾದರೂ ಪೂರ್ತಿ ಕೇಳಿರಿ. ಬಳಿಯಲ್ಲಿಯೇ ಜೆ.ಸಿ. ರಸ್ತೆಯ ರವೀಂದ್ರ ಕಲಾಕ್ಷೇತ್ರವಿದೆ. ಅರ್ಧ ದಿನ ಉಳಿದಿದ್ದರೆ ಮಹಾತ್ಮ ಗಾಂಧಿ ರಸ್ತೆಯ ಕಡೆಗೆ ಹೋಗಿ ಮೇಯೋ ಹಾಲನ್ನೂ ನೋಡಬಹುದು. 1883ರಲ್ಲಿ ತೆರೆದ ಅದು ದಂಡಿನವರ ಸಾರ್ವಜನಿಕ ಭವನ. ನ್ಯಾಯಾಲಯಗಳು ನಡೆಯುವ ಆ ಕಟ್ಟಡದಲ್ಲಿ 2011ರಲ್ಲಿ ಕೆಂಪೇಗೌಡ ವಸ್ತುಸಂಗ್ರಹಾಲಯ ಆರಂಭವಾಯಿತು. ಕೆಂಪೇಗೌಡರ ಸಮಾಧಿಯಿರುವ ಕೆಂಪಾಪುರ ಮಾಗಡಿ ಸೀಮೆಯದಾದ್ದರಿಂದ ನಮ್ಮ ಭಾಗದ ಮಕ್ಕಳಿಗೆ ಅಲ್ಲಿ ವಿಶೇಷ ಆಸಕ್ತಿ ಹುಟ್ಟೀತು. ಬುತ್ತಿಯನ್ನು ಮನೆಯಿಂದಲೇ ಕಟ್ಟಿಕೊಂಡು ಹೋಗಿರಿ.