ಗುಡ್ಡದ ತಾಂಡಾದಲ್ಲಿ ಮಳೆ ಎಷ್ಟು, ಮಂದಿ ಎಷ್ಟು?

ಭಂಕೂರಿನಲ್ಲಿ ನಿಂತು ಗುಡ್ಡ ಹುಡುಕಿದರೆ ಕಣ್ಣಿಗೆ ಬೀಳುವುದು ಪರ್ಸಿ ಗಣಿಗಳ ಬದಿಗೆ ಸುರಿದ ಕಲ್ಲಿನ ರಾಶಿಗಳೇ. ಶಹಾಬಾದ್, ವಾಡಿ, ಚಿತ್ತಾಪುರದ ಈ ಸೀಮೆಯೆಲ್ಲ ಸುಣ್ಣಕಲ್ಲಿನ ಪದರಗಳ ಮೇಲಿನ ಬಯಲು. ಆದರೂ ಇಲ್ಲಿನವರಿಗೆ ಗುಡ್ಡದ ನಂಟು ತಪ್ಪಿದ್ದಲ್ಲ. ಚಿಂಚೋಳಿಯ ಗುಡ್ಡಗಳಲ್ಲಿ ಸುರಿದ ಮಳೆಯನ್ನು ಮುಲ್ಲಾಮಾರಿ ಹೊಳೆ ಕಾಗಿಣಾಕ್ಕೆ ತಂದು ಸೇರಿಸುತ್ತದೆ. ಕಾಗಿಣಾ ಅದನ್ನು ಮಳಖೇಡ, ಶಹಾಬಾದ್ ಸೀಮೆ ದಾಟಿಸಿ ಭೀಮೆಗೆ ಮುಟ್ಟಿಸುತ್ತದೆ. 2020ರ ಅಕ್ಟೋಬರ್‌ನಲ್ಲಿ ಭೀಮಾ, ಕಾಗಿಣಾ ಎರಡೂ ಉಕ್ಕಿದಾಗ ದಂಡೆಯ ಊರುಗಳು ಪಟ್ಟ ಪಾಡು ಎಲ್ಲರಿಗೂ ನೆನಪಿದೆ. ಕೆಳಗೆ ಬಂದ ನೀರಿಗೆ ಲೆಕ್ಕವುಂಟು. ಆ ನೀರು ಮೊದಲು ಬಿದ್ದ ಮೇಲಿನ ತಾಂಡಾಗಳಲ್ಲಿ ಮಳೆ ಎಷ್ಟು, ಮಂದಿ ಎಷ್ಟು ಎಂದು ಕೇಳಿ ನೋಡಿ. ಎರಡಕ್ಕೂ ಕೆಳಗಿನ ಊರಿನ ಅಂಕಿಯೇ ಉತ್ತರವಾಗಿ ಬರುತ್ತದೆ.

ಚಿಂಚೋಳಿಯ ಗುಡ್ಡಗಳೆಂದರೆ ಹಿಮಾಲಯವೂ ಅಲ್ಲ, ಮಲೆನಾಡೂ ಅಲ್ಲ. ದಖ್ಖನ್ನಿನ ಕರಿಕಲ್ಲಿನ ಮೇಲೆ ಜಂಬಿಟ್ಟಿಗೆಯ ಹೊದಿಕೆ, ಅದರ ಮೇಲೆ ಒಣ ಕಾಡು. ಇದರಲ್ಲಿ ಸುಮಾರು 135 ಚದರ ಕಿಲೋಮೀಟರ್ ಜಾಗವನ್ನು 2011ರಲ್ಲಿ ವನ್ಯಜೀವಿಧಾಮವೆಂದು ಘೋಷಿಸಲಾಯಿತು. ಕುಂಚಾವರಂ ಕಡೆ ಹೋದಂತೆ ದಾರಿಯ ಅಕ್ಕಪಕ್ಕ ಲಂಬಾಣಿ ತಾಂಡಾಗಳು ಸಿಗುತ್ತವೆ. ಕೆಲವು ನೂರು ಮನೆಯವು, ಕೆಲವು ಮೂವತ್ತು ನಲವತ್ತು ಮನೆಯವು.

ಮೊದಲು ಹವಾಮಾನದ ಮಾತು. ಗಾಳಿ ಮೇಲೇರಿದಂತೆ ಹಿಗ್ಗಿ ತಣ್ಣಗಾಗುತ್ತದೆ. ಸರಾಸರಿ ಲೆಕ್ಕದಲ್ಲಿ ಪ್ರತಿ ಕಿಲೋಮೀಟರಿಗೆ 6.5 ಡಿಗ್ರಿ ಸೆಲ್ಸಿಯಸ್. ಅಂದರೆ 150 ಮೀಟರ್ ಏರಿದರೆ ಹೆಚ್ಚುಕಡಿಮೆ ಒಂದು ಡಿಗ್ರಿ ಇಳಿಕೆ. ಕಲಬುರಗಿಗಿಂತ ಬೀದರ ತುಸು ತಂಪು ಎಂಬ ಮಾತಿನ ಹಿಂದೆ ಇರುವುದೂ ಈ ಗಣಿತವೇ. ಚಳಿಗಾಲದ ನಿರಭ್ರ ರಾತ್ರಿಗಳಲ್ಲಿ ಮಾತ್ರ ಲೆಕ್ಕ ತಿರುವುಮುರುವಾಗುವುದುಂಟು. ತಣ್ಣನೆಯ ಗಾಳಿ ಭಾರ. ಅದು ಇಳಿಜಾರಿನಲ್ಲಿ ಜಾರಿ ಹಳ್ಳದ ದಂಡೆಯಲ್ಲಿ ಕೂರುತ್ತದೆ. ಅಂಥ ರಾತ್ರಿ ಗುಡ್ಡದ ಮೇಲಿನ ಗುಡಿಸಲಿಗಿಂತ ಕೆಳಗಿನ ಹೊಲದಲ್ಲೇ ಥಂಡಿ ಜಾಸ್ತಿ.

ಇವೆಲ್ಲ ಒಂದೆರಡು ಡಿಗ್ರಿಯ ಮಾತು. ಬದುಕನ್ನು ತಿರುಗಿಸುವುದು ಮಣ್ಣು. ಬಯಲಿನ ಎರಿ ಭೂಮಿ ಒಂದು ಮೀಟರ್ ಆಳವಿದ್ದರೆ 150ರಿಂದ 200 ಮಿಲಿಮೀಟರ್ ಮಳೆಯಷ್ಟು ನೀರನ್ನು ಬೆಳೆಗೆಂದು ಹಿಡಿದಿಡಬಲ್ಲದು. ಆ ಹಸಿಯಲ್ಲೇ ಹಿಂಗಾರಿ ಜೋಳ ಏಳುತ್ತದೆ, ತೊಗರಿ ಡಿಸೆಂಬರ್‌ವರೆಗೂ ಜೀವ ಹಿಡಿದು ನಿಲ್ಲುತ್ತದೆ. ಗುಡ್ಡದ ಮೇಲಿನ ತೆಳು ಮಸಾರಿಯಲ್ಲಿ ಗರಸೇ ಹೆಚ್ಚು. ಬಿದ್ದ ನೀರು ಜಂಬಿಟ್ಟಿಗೆಯ ರಂಧ್ರಗಳಲ್ಲಿ ಇಳಿದು, ಅಡಿಯ ಕರಿಕಲ್ಲು ತಡೆದಾಗ ಪಕ್ಕಕ್ಕೆ ಸರಿದು, ಗುಡ್ಡದ ಬುಡದಲ್ಲಿ ಒರತೆಯಾಗಿ ಹೊರಬೀಳುತ್ತದೆ. ಬಹಮನಿ ಕಾಲದ ಬೀದರಿನವರು ಈ ಗುಟ್ಟು ತಿಳಿದೇ ಕರೇಜ್ ಸುರಂಗಗಳನ್ನು ಕೊರೆದರು. ಹಾಗಾಗಿ ಮೇಲೆ ಬಿದ್ದ ಮಳೆ ಕೆಳಗಿನವರ ಬಾವಿ ತುಂಬುತ್ತದೆ. ಮೇಲಿನ ಹೊಲ ನಾಲ್ಕು ವಾರ ಮಳೆ ತಡವಾದರೆ ಬಾಡಿ ಕೂರುತ್ತದೆ. ಎರಡೂ ಕಡೆ ಅಷ್ಟೇ ಮಿಲಿಮೀಟರ್ ಬಿದ್ದರೂ ಒಂದು ಕಡೆ ರಾಶಿ, ಇನ್ನೊಂದು ಕಡೆ ಗುಳೆ.

ಆ ಮಿಲಿಮೀಟರ್ ಯಾರ ಹೊಲದ್ದು ಎಂಬುದೂ ಕೇಳಬೇಕಾದ ಪ್ರಶ್ನೆಯೇ. ಕರ್ನಾಟಕದಲ್ಲಿ ಪ್ರತಿ ಗ್ರಾಮ ಪಂಚಾಯತಿಗೊಂದು ದೂರಸಂವೇದಿ ಮಳೆಮಾಪಕವಿದೆ. ದೇಶದ ಮಟ್ಟಿಗೆ ಇದು ದೊಡ್ಡ ಸಾಧನೆ, ಅದನ್ನು ಹಗುರ ಮಾಡುವಂತಿಲ್ಲ. ಆದರೆ ಲೆಕ್ಕ ಹಾಕಿ ನೋಡಿ. ರಾಜ್ಯದ ವಿಸ್ತೀರ್ಣವನ್ನು ಸುಮಾರು 6,000 ಪಂಚಾಯತಿಗಳಿಗೆ ಹಂಚಿದರೆ ಒಂದೊಂದಕ್ಕೆ 32 ಚದರ ಕಿಲೋಮೀಟರ್ ಬರುತ್ತದೆ. ಹವಾಮಾನ ಇಲಾಖೆಯ ಸಾಮಾನ್ಯ ಮಳೆಮಾಪಕದ ಬಾಯಿ 200 ಚದರ ಸೆಂಟಿಮೀಟರ್. ಅಷ್ಟು ಅಗಲದ ಬಾಯಿಯೊಂದು ತನಗಿಂತ 160 ಕೋಟಿ ಪಟ್ಟು ದೊಡ್ಡ ನೆಲದ ಪರವಾಗಿ ಸಾಕ್ಷಿ ಹೇಳಬೇಕು. ಜೂನ್‌ನಲ್ಲೂ ಅಕ್ಟೋಬರ್‌ನಲ್ಲೂ ಬರುವ ಗುಡುಗುಮಳೆಯ ಮೋಡ ಕೆಲವೇ ಕಿಲೋಮೀಟರ್ ಅಗಲದ್ದು. ಪಂಚಾಯತಿ ಕಟ್ಟಡದ ಹತ್ತಿರ ಸುರಿದು ಗುಡ್ಡದ ತಾಂಡಾಕ್ಕೆ ಹನಿಯೂ ಬೀಳದಿರುವುದು ಅಪರೂಪವಲ್ಲ. ಇನ್ನು ಹವಾಮಾನದ ಸರಾಸರಿ ಹೇಳಬೇಕಾದರೆ 30 ವರ್ಷಗಳ ದಾಖಲೆ ಬೇಕೆಂಬುದು ಜಾಗತಿಕ ಹವಾಮಾನ ಸಂಸ್ಥೆಯ ನಿಯಮ. ಆ ಪ್ರಕಾರ ನಮ್ಮ ಬಹುಪಾಲು ತಾಂಡಾಗಳಿಗೆ ಕಾಗದದ ಮೇಲೆ ಹವಾಮಾನವೇ ಇಲ್ಲ!

ಜನಸಂಖ್ಯೆಯ ಕತೆಯೂ ಇದೇ ದಾರಿಯದು. ಬಹುಕಾಲ ತಾಂಡಾಗಳು ಕಂದಾಯ ಗ್ರಾಮಗಳಾಗಿರಲಿಲ್ಲ. ಗಣತಿದಾರ ಮನೆಮನೆಗೆ ಬಂದು ಬರೆದುಕೊಂಡರೂ ಅಚ್ಚಾದ ಪುಸ್ತಕದಲ್ಲಿ ಆ ಮಂದಿ ಮೂಲ ಗ್ರಾಮದ ಮೊತ್ತದಲ್ಲಿ ಕರಗಿಹೋಗುತ್ತಿದ್ದರು. 2011ರಲ್ಲಿ ಕಲಬುರಗಿ ಜಿಲ್ಲೆಯ ಜನಸಂಖ್ಯೆ 25,66,326 ಎಂದು ಕೊನೆಯ ಅಂಕಿಯವರೆಗೂ ಗೊತ್ತು. ಗುಡ್ಡದ ಒಂದು ತಾಂಡಾದ್ದು ಕೇಳಿದರೆ ಆ ಪುಸ್ತಕದಲ್ಲಿ ಸಾಲೇ ಇಲ್ಲ. 2023ರ ಜನವರಿ 19ರಂದು ಸೇಡಂ ತಾಲೂಕಿನ ಮಳಖೇಡದಲ್ಲಿ ಪ್ರಧಾನಿ ಹಕ್ಕುಪತ್ರ ವಿತರಿಸಿದ್ದು ಈ ಕೊರತೆಯನ್ನು ನೀಗುವ ಹೆಜ್ಜೆ. ಕಲಬುರಗಿ, ಯಾದಗಿರಿ, ರಾಯಚೂರು, ಬೀದರ, ವಿಜಯಪುರ ಜಿಲ್ಲೆಗಳ ಸುಮಾರು 1,475 ದಾಖಲೆರಹಿತ ವಸತಿಗಳನ್ನು ಹೊಸ ಕಂದಾಯ ಗ್ರಾಮಗಳೆಂದು ಘೋಷಿಸಲಾಗಿತ್ತು.

ಸಾಲು ಸಿಕ್ಕಿತೆಂದೇ ಇಟ್ಟುಕೊಳ್ಳೋಣ. ಆಗ ಸಣ್ಣ ಸಂಖ್ಯೆಗಳ ಚೇಷ್ಟೆ ಶುರುವಾಗುತ್ತದೆ. 200 ಮಂದಿಯ ಒಂದು ತಾಂಡಾ ಊಹಿಸಿಕೊಳ್ಳಿ. ಸಾವಿರಕ್ಕೆ 20 ಜನನ ಎಂಬ ದರ ಹಿಡಿದರೆ ವರ್ಷಕ್ಕೆ ನಾಲ್ಕು ಕೂಸು. ಬರೀ ಆಕಸ್ಮಿಕದಿಂದಲೇ ಒಂದು ವರ್ಷ ಎರಡು, ಮತ್ತೊಂದು ವರ್ಷ ಆರು ಆಗಬಹುದು. ಯಾವ ಕಾರಣವೂ ಇಲ್ಲದೆ ದರ ಹತ್ತರಿಂದ ಮೂವತ್ತಕ್ಕೆ ಜಿಗಿಯುತ್ತದೆ. ಆ ನಾಲ್ಕರಲ್ಲಿ ಒಂದು ಕೂಸು ತೀರಿಕೊಂಡರೆ ಶಿಶುಮರಣ ದರ ಸಾವಿರಕ್ಕೆ 250! ಇಂಥ ಅಂಕಿ ಹಿಡಿದು ಭಾಷಣ ಮಾಡುವವರನ್ನು ನಂಬಬಾರದು. ಹಾಗಂತ ಆ ಸಾವನ್ನು ಜಿಲ್ಲೆಯ ಸರಾಸರಿಯಲ್ಲಿ ಮುಳುಗಿಸುವವರನ್ನೂ ನಂಬಬೇಕಿಲ್ಲ. ಸಣ್ಣ ಊರಿಗೆ ದರ ಹೊಂದುವುದಿಲ್ಲ. ಅಲ್ಲಿ ಹತ್ತು ವರ್ಷದ ಹೆಸರುಪಟ್ಟಿಯೇ ಬೇಕು. ಅಂಗನವಾಡಿ, ಆಶಾ ಕಾರ್ಯಕರ್ತೆಯರ ಪುಸ್ತಕಗಳಲ್ಲಿ ಅದು ಬಹುಮಟ್ಟಿಗೆ ಇದ್ದೇ ಇದೆ. ಕೂಡಿಸಿ ಓದುವವರಿಲ್ಲ, ಅಷ್ಟೆ.

ಹವಾಮಾನವೂ ತಲೆಯೆಣಿಕೆಯೂ ಒಂದಕ್ಕೊಂದು ತೊಡರುವುದು ಫೆಬ್ರುವರಿಯಲ್ಲಿ. 2011ರ ಗಣತಿ ನಡೆದದ್ದು ಫೆಬ್ರುವರಿ 9ರಿಂದ 28ರವರೆಗೆ. ಆ ಇಡೀ ಅವಧಿ ಊರಲ್ಲಿಲ್ಲದವರನ್ನು ಅವರು ಸಿಕ್ಕ ಜಾಗದಲ್ಲೇ ಎಣಿಸಬೇಕು. ತೊಗರಿ ರಾಶಿ ಅಷ್ಟರಲ್ಲಿ ಮುಗಿದಿರುತ್ತದೆ, ಮಸಾರಿಯಲ್ಲಿ ಹಸಿ ಉಳಿದಿರುವುದಿಲ್ಲ, ದುಡಿಯುವ ಮಂದಿ ಮುಂಬೈ, ಪುಣೆ, ಹೈದರಾಬಾದ್ ಸೇರಿರುತ್ತಾರೆ. ಗಣತಿಗೆ ಬಂದ ಮೇಷ್ಟ್ರು ‘ಮನ್ಯಾಗ ಎಷ್ಟ್ ಮಂದಿ ಅದೀರಿ ಅವ್ವ?’ ಅಂದರೆ, ಅಂಗಳದಲ್ಲಿ ಮೊಮ್ಮಕ್ಕಳನ್ನು ಕೂರಿಸಿಕೊಂಡ ಮುದುಕಿಗೆ ಯಾವ ಉತ್ತರ ಸರಿ? ರೇಷನ್ ಕಾರ್ಡಿನಲ್ಲಿ ಒಂಬತ್ತು, ಮನೆಯಲ್ಲಿ ಮೂರು. ಪಕ್ಕದ ಮೂರು ಮನೆಗಳಿಗೆ ಬೀಗ.

ಸೋಜಿಗವೆಂದರೆ, ಹವಾಮಾನ ನೋಡಿ ಗಣತಿಯ ದಿನ ಬದಲಿಸುವ ಪದ್ಧತಿ ನಮ್ಮಲ್ಲಿ ಇದೆ. 2027ರ ಗಣತಿಗೆ ದೇಶಕ್ಕೆಲ್ಲ ಆಧಾರ ದಿನ 2027ರ ಮಾರ್ಚ್ 1. ಲಡಾಖ್, ಮತ್ತು ಜಮ್ಮು-ಕಾಶ್ಮೀರ, ಹಿಮಾಚಲ, ಉತ್ತರಾಖಂಡಗಳ ಹಿಮ ಮುಚ್ಚುವ ಪ್ರದೇಶಗಳಿಗೆ ಮಾತ್ರ 2026ರ ಅಕ್ಟೋಬರ್ 1. ಅಲ್ಲಿ ಹಿಮ ಬಿದ್ದು ಗಣತಿದಾರ ಊರಿಗೆ ಹೋಗಲಾಗುವುದಿಲ್ಲ. ಇಲ್ಲಿ ನೆಲ ಒಣಗಿ ಊರವರೇ ಇರುವುದಿಲ್ಲ. ಹಿಮದ ಗುಡ್ಡಕ್ಕೆ ಸಿಕ್ಕ ವಿನಾಯಿತಿ ಒಣ ಗುಡ್ಡಕ್ಕೂ ಕೊಡಿ ಎನ್ನುವುದು ಕಷ್ಟ. ಗುಳೆ ಹೋಗುವವರು ದೇಶದ ತುಂಬ ಇದ್ದಾರೆ, ಎಲ್ಲರೂ ಮನೆಯಲ್ಲಿರುವ ತಿಂಗಳು ಸಿಗುವುದಿಲ್ಲ. ಆದರೆ ಫೆಬ್ರುವರಿಯ ಅಂಕಿಯನ್ನೇ ಊರಿನ ನಿಜವಾದ ಗಾತ್ರವೆಂದು ಹಿಡಿದು ಶಾಲೆ, ನೀರಿನ ಟ್ಯಾಂಕ್, ಆರೋಗ್ಯ ಉಪಕೇಂದ್ರ ಅಳೆಯುವುದು ತಪ್ಪು. ಆಗಸ್ಟ್‌ನಲ್ಲಿ ಅದೇ ಊರಲ್ಲಿ ನೀರು ಕುಡಿಯುವ ಬಾಯಿಗಳು ಬೇರೆಯೇ ಇರುತ್ತವೆ. ಗಣತಿಯ ಜೊತೆಗೆ ಪ್ರತಿ ಪಂಚಾಯತಿ ಮುಂಗಾರಿನಲ್ಲೊಮ್ಮೆ ತನ್ನ ತಾಂಡಾಗಳ ತಲೆಯೆಣಿಕೆ ತಾನೇ ಮಾಡಿಕೊಂಡರೆ ಖರ್ಚು ದೊಡ್ಡದಲ್ಲ. ಅದೇ ತಾಂಡಾದ ಶಾಲೆಯಂಗಳದಲ್ಲಿ ಒಂದು ಸಾದಾ ಮಳೆಮಾಪಕ ಹೂಡಿ ಮಕ್ಕಳ ಕೈಯಲ್ಲಿ ಬರೆಸಿದರೂ ಆದೀತು.

ಭಂಕೂರಿನವರಿಗೂ ಚಿಂಚೋಳಿಯವರಿಗೂ ಒಂದು ಮಾತು. ನಿಮ್ಮ ಬಂಧುಗಳು ಪುಣೆಯ ಶೆಡ್ಡಿನಲ್ಲೋ ಮುಂಬೈಯ ಕಟ್ಟಡದ ಕೆಲಸದಲ್ಲೋ ಇದ್ದರೆ 2027ರ ಫೆಬ್ರುವರಿಗೆ ಮೊದಲು ಒಂದು ಫೋನ್ ಮಾಡಿ. ಇದ್ದಲ್ಲೇ ಹೆಸರು ಬರೆಸಲಿ; ಹಿಂದೆ ಎಲ್ಲಿ ವಾಸವಿದ್ದಿರಿ ಎಂದು ಕೇಳಿದರೆ ‘ಗುಲ್ಬರ್ಗಾ’ ಎಂದಷ್ಟೇ ಹೇಳಿ ಮುಗಿಸದೆ ತಾಂಡಾದ ಹೆಸರನ್ನೂ ಹೇಳಿ ಬರೆಸಲಿ.