ಅರಗಿನ ನುಣುಪು: ಚನ್ನಪಟ್ಟಣದ ಗೊಂಬೆ ಮತ್ತು ಮೇಲ್ಮೈ ಎಳೆತ

ಜನಪದ ಕರಕುಶಲ ವಸ್ತುಗಳ ಸೊಬಗನ್ನು ‘ಕೈಚಳಕ’ ಎಂಬ ಒಂದೇ ಮಾತಿನಲ್ಲಿ ಹೇಳಿ ಮುಗಿಸುವುದು ವಾಡಿಕೆ. ಆ ಮಾತು ಕಸುಬಿನೊಳಗಿನ ಅರಿವನ್ನು ಮರೆಮಾಡುತ್ತದೆ. ಚನ್ನಪಟ್ಟಣದ ಅರಗಿನ ಗೊಂಬೆ ಇದಕ್ಕೆ ಒಳ್ಳೆಯ ನಿದರ್ಶನ.

ಹಾಲೆಮರದ ತುಂಡನ್ನು ಕಡೆದು ಆಕಾರ ಕೊಟ್ಟ ಬಳಿಕ, ತಿರುಗುತ್ತಿರುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಘರ್ಷಣೆಯ ಕಾವಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಹೀಗೆ ಹತ್ತಿದ ಲೇಪ ಮೊದಲಿಗೆ ಸಮನಾಗಿರುವುದಿಲ್ಲ. ಅನಂತರ ತಾಳೆಗರಿಯನ್ನು, ಅಂದರೆ ಕೇದಗೆಯ ಗರಿಯನ್ನು, ಒತ್ತಿದಾಗ ಅದು ಹರಡಿ ಹೊಳಪು ಪಡೆಯುತ್ತದೆ.

ಅರಗು ಒಂದು ಕೀಟದ ಸ್ರಾವ. ರಾಸಾಯನಿಕವಾಗಿ ಅದು ಹೈಡ್ರಾಕ್ಸಿ ಆಮ್ಲಗಳು ಎಸ್ಟರ್ ಬಂಧಗಳಿಂದ ಕೂಡಿಕೊಂಡ ರಾಳ. ಪಾಲಿಮರ್‌ಗಳ ಹತ್ತಿರದ ಬಂಧು. ಸುಮಾರು 70ರಿಂದ 80 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಅದು ಮೆದುವಾಗಿ ಹರಿಯತೊಡಗುತ್ತದೆ. ಹರಿಯುವ ಲೇಪದ ಮೇಲ್ಮೈ ತನ್ನ ವಿಸ್ತಾರವನ್ನು ಕುಗ್ಗಿಸಿಕೊಳ್ಳಲು ಯತ್ನಿಸುತ್ತದೆ. ಇದೇ ಮೇಲ್ಮೈ ಎಳೆತ. ಉಬ್ಬಿದೆಡೆ ಮೇಲ್ಮೈ ಒಳಮುಖವಾಗಿ ಅದುಮುವುದರಿಂದ ದ್ರವದ ಒತ್ತಡ ಹೆಚ್ಚುತ್ತದೆ, ತಗ್ಗಿನಲ್ಲಿ ಕಡಿಮೆಯಾಗುತ್ತದೆ. ಆದ್ದರಿಂದ ದ್ರವ ಉಬ್ಬಿನಿಂದ ತಗ್ಗಿಗೆ ಹರಿದು ಮೇಲ್ಮೈ ಸಮನಾಗುತ್ತದೆ.

ಈ ಸಮವಾಗುವಿಕೆಯ ವೇಗವನ್ನು ಲೆಕ್ಕಹಾಕುವ ಸೂತ್ರವನ್ನು 1960ರ ದಶಕದ ಆರಂಭದಲ್ಲಿ ಆರ್ಚರ್ಡ್ ಎಂಬ ವಿಜ್ಞಾನಿ ನೀಡಿದರು. ಅದರಂತೆ ತೆಳುಲೇಪದಲ್ಲಿ ಎರಡು ಉಬ್ಬುಗಳ ನಡುವಣ ಅಂತರ ಇಮ್ಮಡಿಯಾದರೆ ಸಮವಾಗಲು 16 ಪಟ್ಟು ಕಾಲ ಬೇಕು. ಲೇಪದ ದಪ್ಪ ಅರ್ಧಕ್ಕಿಳಿದರೆ 8 ಪಟ್ಟು ಬೇಕು. ದ್ರವದ ಸ್ನಿಗ್ಧತೆ ಹೆಚ್ಚಿದಷ್ಟೂ ಕಾಲವೂ ಹೆಚ್ಚುತ್ತದೆ.

ಈ ಬೆಳಕಿನಲ್ಲಿ ನೋಡಿದರೆ ಗರಿಯ ಪಾತ್ರ ಸ್ಪಷ್ಟವಾಗುತ್ತದೆ. ಸೂಕ್ಷ್ಮ ಗೆರೆಗಳನ್ನು ಮೇಲ್ಮೈ ಎಳೆತವೇ ಬೇಗನೆ ಅಳಿಸಬಲ್ಲದು. ಅಗಲವಾದ ಏರಿಳಿತಗಳು ಅರಗು ಆರುವುದರೊಳಗೆ ತಾವಾಗಿ ಸಮನಾಗಲಾರವು. ಅವನ್ನು ಗರಿ ಹರಡಬೇಕು. ಗರಿಯ ಉಜ್ಜುವಿಕೆ ಕಾವನ್ನೂ ಉಳಿಸಿ, ಅರಗು ಹರಿಯುವ ಅವಧಿಯನ್ನು ಹಿಗ್ಗಿಸುತ್ತದೆ. ಕಾವು ಸಾಲದಿದ್ದರೆ ಗೆರೆಗಳು ಹಾಗೆಯೇ ಹೆಪ್ಪುಗಟ್ಟುತ್ತವೆ. ಅತಿಯಾಗಿ ಬಹುಕಾಲ ಕಾಯಿಸಿದರೆ ಅರಗಿನ ಅಣುಗಳು ಪರಸ್ಪರ ಹೆಣೆದುಕೊಂಡು ಅದು ಮತ್ತೆ ಕರಗದಂತಾಗುತ್ತದೆ. ಈ ಎರಡು ಅತಿಗಳ ನಡುವಣ ಹದವನ್ನು ಕುಶಲಕರ್ಮಿ ಅಂಗೈಯ ಒತ್ತಡದಿಂದ, ಮೇಲ್ಮೈಯ ಮಿನುಗಿನಿಂದ ಗುರುತಿಸಬೇಕಾಗುತ್ತದೆ.

ಗೊಂಬೆಯನ್ನು ವಸ್ತುಸಂಗ್ರಹಾಲಯ ಕಾಪಾಡಬಲ್ಲದು, ಹದವನ್ನಲ್ಲ. ಕಸುಬು ಕೈಬಿಟ್ಟ ಮನೆಯಲ್ಲಿ ಮೊದಲು ಕಳೆದುಹೋಗುವುದೂ ಅದೇ. ಆದುದರಿಂದ ಕ್ಷೇತ್ರಕಾರ್ಯದ ದಾಖಲೆಯಲ್ಲಿ ಆಕಾರ, ಬಣ್ಣಗಳ ಜೊತೆಗೆ ಗರಿ ಒತ್ತುವ ಕಾಲ, ಬಲ ಮತ್ತು ಕಾವಿನ ವಿವರಗಳೂ ಸೇರಬೇಕು. ಜನಪದರ ಅರಿವು ಅವರ ಹಾಡು ಕಥೆಗಳಲ್ಲಿರುವಂತೆಯೇ ಈ ವಿವರಗಳಲ್ಲಿಯೂ ನೆಲೆಸಿದೆ.